ಮೂರನೆಯ ಕಟಕ್

ಅಕ್ಟೋಬರ್ ೪, ಶನಿವಾರ

ಬೀಜದ ಕಂಪನಿಯವರು ಪ್ರತಿ ವರ್ಷ ಪುಕ್ಕಟೆ ಹಂಚುವ ಈ ಡೈರಿಯಲ್ಲಿ ಮಳೆ ಎಷ್ಟು ಬಿತ್ತು, ಗಾಡಿಗೆ ಎಣ್ಣೆ ಯಾವಾಗ ಬದಲಿಸಿದೆ ಎನ್ನುವುದನ್ನು ಬಿಟ್ಟು ನಾನು ಬೇರೇನನ್ನೂ ಬರೆದವನಲ್ಲ. ಇವತ್ತು ಬರೆಯುತ್ತಿದ್ದೇನೆ. ಇದನ್ನು ಬಾಯಿಬಿಟ್ಟು ಯಾರಿಗೂ ಹೇಳುವ ಹಾಗಿಲ್ಲ.

ನನ್ನ ನೀಲಿ ಪಿಕಪ್ ಟ್ರಕ್ಕು ನಡುಬೀದಿಯಲ್ಲಿ ನಿಂತುಬಿಟ್ಟಿತು. ಅದೂ ಎಲ್ಲಿ? ಧಾನ್ಯದ ಗೋದಾಮಿನ ಕಾಫಿ ಕೋಣೆಯ ಕಿಟಕಿಗೆ ಸರಿಯಾಗಿ ಎದುರಿಗೆ. ಇಂಜಿನ್ ಓಡುತ್ತಿದೆ, ಗೇರು ಹಾಕಿದರೆ ಗಾಡಿ ಮಿಸುಕುವುದಿಲ್ಲ. ಒಳಗಿದ್ದ ಬೆಳಗಿನ ಕಾಫಿಯ ಪಟಾಲಂ ಪೂರ್ತಿ ಗಾಜಿಗೆ ಮೂಗು ಒತ್ತಿಕೊಂಡು ನಿಂತಿತ್ತು. ಈ ಕೌಂಟಿಯಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಮನೆಯ ಷೆಡ್ಡಿನಲ್ಲೇ ಬಿಚ್ಚಿ ಕಟ್ಟುವವನು ಯಾರು ಎಂದು ಕೇಳಿದರೆ ಚಿಕ್ಕ ಮಕ್ಕಳೂ ಎಲ್ಡನ್ ಕ್ರಾಬ್ ಎನ್ನುತ್ತವೆ. ಆ ಎಲ್ಡನ್ ಕ್ರಾಬನ ಗಾಡಿಯನ್ನು ಮುದುಕರೆಲ್ಲ ಸೇರಿ ತಳ್ಳಿ ಬದಿಗೆ ಹಾಕಿದರು.

"ಏನೋ ಎಲ್ಡನ್, ಡಾಕ್ಟ್ರಿಗೇ ಜ್ವರ ಬಂತಾ?" ಎಂದ ಮಿಲೋ ಸ್ವೊಬೊಡ. ಅವನು ಬಿಡಿಭಾಗದ ಅಂಗಡಿಯ ಕೌಂಟರಿನವನು. ಒಂದನೇ ತರಗತಿಯಿಂದ ನನ್ನ ಗೆಳೆಯ, ಅಂದಿದ್ದಕ್ಕೆ ಸಿಟ್ಟಿಲ್ಲ. ಕಿವಿ ಮಾತ್ರ ಬಿಸಿಯಾಯಿತು.

ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಮನೆಯವರೆಗೆ ಎಳೆದುಕೊಂಡು ಬಂದವನು ಯಾರು ಅಂದರೆ ಡ್ವೇನ್ ಪೆಟ್ಶ್. ಇನ್ಯಾರೂ ಸಿಗಲಿಲ್ಲವೇ ದೇವರೇ! ಡ್ವೇನ್ ನಮ್ಮ ಹೊಲದ ಆಚೆಯವನು. ವರ್ಷಗಳ ಹಿಂದೆ ಅವನೂ ತನ್ನ ಗಾಡಿಯ ಗೇರ್‌ಬಾಕ್ಸನ್ನು ಮನೆಯಲ್ಲೇ ಕಟ್ಟಲು ಹೊರಟಿದ್ದ. ಅದನ್ನು ಇಂಜಿನ್ನಿಗೆ ಸೇರಿಸುವ ಮೊದಲು ಮೂತಿಯಲ್ಲಿ ಕನ್ವರ್ಟರ್ ಕೂರಿಸಬೇಕು. ಅದು ಕುಂಬಳಕಾಯಿ ಗಾತ್ರದ, ಹೊಟ್ಟೆಯಲ್ಲಿ ಎಣ್ಣೆ ತುಂಬಿಕೊಂಡ ಉಕ್ಕಿನ ಗುಂಡು. ಶಾಫ್ಟಿಗೆ ತೂರಿಸಿ, ತಿರುಗಿಸುತ್ತ ಒತ್ತುತ್ತ ಹೋದರೆ ಮೂರು ಸಲ ಒಳಕ್ಕೆ ಬೀಳುತ್ತದೆ. ಕಟಕ್, ಕಟಕ್, ಕಟಕ್. ಮೂರನೆಯದು ಗೇರ್‌ಬಾಕ್ಸಿನೊಳಗೆ ಎಣ್ಣೆ ತಳ್ಳುವ ಪಂಪಿನ ಹಲ್ಲಿಗೆ ಸಿಕ್ಕಿಕೊಳ್ಳುವ ಸದ್ದು. ಡ್ವೇನ್ ಎರಡಕ್ಕೇ ನಿಲ್ಲಿಸಿ, ಉಳಿದ ಸಂದನ್ನು ಬೋಲ್ಟು ಬಿಗಿದು ಮುಚ್ಚಿಸಿದ. ಪಂಪು ಮುರಿಯಿತು. ಕಾಫಿ ಮೇಜಿನಲ್ಲಿ ಅವನಿಗೆ 'ಎರಡ್ಕಟಕ್' ಎಂದು ನಾಮಕರಣ ಮಾಡಿದವನು ನಾನು. ಊರಿಗೆ ಊರೇ ಅದನ್ನು ಹಿಡಿದುಕೊಂಡಿತು. ಶಾಲೆಯ ಬಸ್ಸಿನಲ್ಲಿ ಅವನ ಮಕ್ಕಳಿಗೆ ಮರಿಕಟಕ್ ಎನ್ನುತ್ತಿದ್ದರಂತೆ. ಆಮೇಲಾಮೇಲೆ ಡ್ವೇನ್ ಕಾಫಿಗೆ ಬರುವುದನ್ನೇ ಬಿಟ್ಟ. ತಮಾಷೆ ಅರಗದ ಮನುಷ್ಯ.

ಇವತ್ತು ಸರಪಳಿ ಬಿಚ್ಚುವಾಗ ಅವನು ಬಗ್ಗಿಕೊಂಡು ಏನೋ ಗೊಣಗಿದ. ನನಗೆ ಗೊತ್ತಾಗಲಿಲ್ಲ. ಈಗಿನ ಜನ ಬಾಯಿ ತೆರೆದು ಮಾತಾಡುವುದನ್ನೇ ಮರೆತಿದ್ದಾರೆ.

ಹೆಂಡತಿ ಲವೋನ್ ಅಡುಗೆಮನೆ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ತಿಂಗಳಿಂದ ಆ ಗಾಡಿ ತೋಳದ ತರ ಊಳಿಡ್ತಿದೆ ಅಂತ ಬಡ್ಕೊಂಡೆ. ನನ್ ಮಾತು ಯಾರಿಗೆ ಬೇಕು?" ಎಂದಳು. ನಾನು ಅಂಥ ಸದ್ದು ಯಾವುದನ್ನೂ ಕೇಳಿಲ್ಲ. ಮದುವೆಯಾದಾಗಿನಿಂದ ಅವಳಿಗೆ ಗಾಡಿಯ ಪ್ರತಿ ಸದ್ದೂ ಕೆಟ್ಟ ಸದ್ದೇ.

ಅಕ್ಟೋಬರ್ ೬, ಸೋಮವಾರ

ಗೇರ್‌ಬಾಕ್ಸ್ ಇಳಿಸಿದೆ. ಕೆಳಗಿನ ತಟ್ಟೆ ಬಿಚ್ಚಿದಾಗ ಕೆಂಪಗೆ ಇರಬೇಕಾದ ಎಣ್ಣೆ ಕರಿ ಕಾಫಿಯಾಗಿತ್ತು. ಸುಟ್ಟ ವಾಸನೆ ಅಡುಗೆಮನೆಗೂ ಮುಟ್ಟಿ ಲವೋನ್ ಕಿಟಕಿ ಹಾಕಿಕೊಂಡಳು. ಬಹಳ ದಿನದಿಂದ ಜಾರುತ್ತ ಜಾರುತ್ತ ಸುಟ್ಟಿರಬೇಕು. ಅದು ಗೊತ್ತಾಗದೆ ಓಡಿಸಿದ್ದೇನಲ್ಲ ಎಂದು ನಾಚಿಕೆಯಾಯಿತು. ಹಿಮ ಬೀಳುವುದರೊಳಗೆ ಮುಗಿಸಬೇಕು. ಚರ್ಚಿನ ಅಂಗಳದ ಹಿಮ, ಒಂಟಿ ಹೆಂಗಸರ ಮನೆ ಮುಂದಿನ ಹಿಮವನ್ನು ಮೂತಿಗೆ ಹಲಗೆ ಕಟ್ಟಿಕೊಂಡು ತಳ್ಳುವುದು ಈ ಗಾಡಿಯೇ. ಪ್ರತಿ ವರ್ಷ ನಾನೇ ತಳ್ಳುವುದು, ಯಾರೂ ಕೇಳುವುದೂ ಇಲ್ಲ, ನಾನು ಹೇಳುವುದೂ ಇಲ್ಲ.

ಪಟ್ಟಣದ ಗ್ಯಾರೇಜಿಗೆ ಕೊಡು ಎಂದಳು ಲವೋನ್. ಅದಕ್ಕಿಂತ ಪ್ಯಾಂಟು ಬಿಚ್ಚಿ ಊರು ಸುತ್ತುವುದು ವಾಸಿ.

ಅಕ್ಟೋಬರ್ ೧೧, ಶನಿವಾರ

ಸಾಮಾನು ಬಂತೆಂದು ಹೆಂಡತಿಯ ಕಾರಿನಲ್ಲಿ ಅಂಗಡಿಗೆ ಹೋದೆ. ಮಿಲೋ ಪೆಟ್ಟಿಗೆಗಳನ್ನು ಕೌಂಟರಿನ ಮೇಲೆ ಒಂದೊಂದಾಗಿ ಇಟ್ಟ. ಕ್ಲಚ್ ಪ್ಲೇಟು, ಸೀಲು, ಹೊಸ ಪಂಪು. ಪಂಪಿನ ಪೆಟ್ಟಿಗೆ ತೆರೆದು, ದೀಪಕ್ಕೆ ಹಿಡಿದು, ಹಲ್ಲು ಮುಟ್ಟಿ ನೋಡಿ ಮತ್ತೆ ಎಣ್ಣೆ ಕಾಗದ ಸುತ್ತಿದ. ಅವನು ಹಾಗೆ ನೋಡದೆ ಯಾವುದನ್ನೂ ಯಾರಿಗೂ ಕೊಟ್ಟವನಲ್ಲ. ಅಂಗಡಿ ಈಗ ಕಿಪ್ ಎಂಬ ಹುಡುಗನ ಕೈಗೆ ಬಂದಿದೆ. ಹಳೆ ಯಜಮಾನರ ಮೊಮ್ಮಗ, ಗೋಡೆಯ ತುಂಬ ಕಂಪ್ಯೂಟರ್ ಇಟ್ಟಿದ್ದಾನೆ.

"ನನ್ನನ್ನ ಯಾವಾಗ ಹಿಂದಿನ ಬಾಗಿಲಿಂದ ಆಚೆ ಕಳಿಸ್ಲಿ ಅಂತ ಕಾಯ್ತಿದಾನೆ ಕಣೋ," ಎಂದು ಮಿಲೋ ನಕ್ಕ. "ಒಂದು ನೆಪ ಸಿಕ್ರೆ ಸಾಕು."

"ನಿನ್ನ ಕಳಿಸಿದ್ರೆ ಈ ಅಂಗಡಿಯಲ್ಲಿ ಸಾಮಾನಿನ ಹೆಸರು ಹೇಳೋರು ಯಾರಿದಾರೆ?" ಎಂದೆ. ಅವನ ಹೆಂಡತಿ ಮಾಡಿದ, ನಡುವೆ ಹಣ್ಣಿನ ಪಾಕ ತುಂಬಿದ ಕೊಲಾಚೆ ಬನ್ನು ಒಂದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ತುರುಕಿದ. ಏಪ್ರಿಕಾಟಿನದು.

ಅಕ್ಟೋಬರ್ ೧೬, ಗುರುವಾರ

ಕೆಲಸ ಸೊಗಸಾಗಿ ಸಾಗಿದೆ. ಹೊಸ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಹಾಕಿ, ಒಂದು ಉಕ್ಕಿನದು ಒಂದು ಕ್ಲಚ್ಚಿನದು ಎಂದು ಪೇರಿಸುತ್ತ ಹೋದೆ. ಸೀಲುಗಳಿಗೆ ವ್ಯಾಸಲಿನ್ ಸವರಿ ಕೂರಿಸಿದೆ. ಈ ಕೆಲಸದಲ್ಲಿ ನನ್ನ ಬೆರಳುಗಳಿಗೆ ವಯಸ್ಸಾಗಿಲ್ಲ. ಲವೋನ್ ಊಟಕ್ಕೆ ಕರೆಯುವುದನ್ನು ಬಿಟ್ಟು ಷೆಡ್ಡಿನ ದೀಪವನ್ನು ಆರಿಸಿ ಹಚ್ಚುವ ಹೊಸ ಚಾಳಿ ಕಲಿತಿದ್ದಾಳೆ. ಬಾಯಿ ಇಲ್ಲವೇ ಇವಳಿಗೆ?

ಕೊನೆಗೆ ಗಾಳಿಯ ಪರೀಕ್ಷೆ. ತೂತುಗಳಿಗೆ ಕಂಪ್ರೆಸರಿನ ಗಾಳಿ ಬಿಟ್ಟರೆ ಒಳಗಿನ ಕ್ಲಚ್ಚು ಹಿಡಿದು ಥಪ್ ಎನ್ನಬೇಕು. ಕಂಪ್ರೆಸರಿನ ಗದ್ದಲದಲ್ಲಿ ಸರಿಯಾಗಿ ತಿಳಿಯಲಿಲ್ಲ. ಬೆರಳಿಟ್ಟು ನೋಡಿದೆ, ಅದುರಿದ ಹಾಗಿತ್ತು. ಸರಿಯಾಗೇ ಇರಬೇಕು.

ಅಕ್ಟೋಬರ್ ೧೮, ಶನಿವಾರ

ಬರೆಯಲು ಕೈ ಬರುತ್ತಿಲ್ಲ.

ಬೆಳಿಗ್ಗೆ ಕನ್ವರ್ಟರ್ ಕೂರಿಸಿದೆ. ಒಂದು ಬಿತ್ತು. ಎರಡು ಬಿತ್ತು. ತಿರುಗಿಸಿದೆ, ಒತ್ತಿದೆ. ಮೂರನೆಯದು ಬಿದ್ದ ಹಾಗಾಯಿತು. ಬಿದ್ದಿತೇ? ಬಿದ್ದಿದೆ ಎಂದುಕೊಂಡೆ. ಎಷ್ಟು ಸಲ ಮಾಡಿದ ಕೆಲಸ, ಇನ್ನೇನು ಎಂದುಕೊಂಡೆ. ಜ್ಯಾಕಿನ ಮೇಲೆ ಗೇರ್‌ಬಾಕ್ಸನ್ನು ಎತ್ತಿ ಇಂಜಿನ್ನಿಗೆ ಸೇರಿಸಿದರೆ ಎರಡರ ನಡುವೆ ಒಂದು ಬೆರಳಿನಷ್ಟು ಸಂದು ಉಳಿಯಿತು.

ಆಗ ಇಳಿಸಬೇಕಿತ್ತು. ಇಳಿಸಿ, ಕನ್ವರ್ಟರನ್ನು ಮತ್ತೆ ತಿರುಗಿಸಿ ನೋಡಬೇಕಿತ್ತು. ಎಷ್ಟು ಜನಕ್ಕೆ ಈ ಬಾಯಿಂದಲೇ ಹೇಳಿಲ್ಲ, ಸಂದು ಉಳಿದರೆ ಬೋಲ್ಟಿನಿಂದ ಎಳೆಯಬೇಡಿ ಅಂತ! ಬೆನ್ನು ನೋಯುತ್ತಿತ್ತು. ಮುಂದಿನ ವಾರ ಹಿಮ ಎಂದು ಟಿವಿಯವನು ಹೇಳಿದ್ದ. ತುಕ್ಕಿಗೋ ಕೊಳೆಗೋ ಸಿಕ್ಕಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಬೋಲ್ಟು ಹಾಕಿ ಬಿಗಿದೆ. ಎಲ್ಲವನ್ನೂ ಬಿಗಿದೆ. ಸಂದು ಮುಚ್ಚಿತು. ಸ್ಪ್ಯಾನರಿನ ಹಿಡಿಯಲ್ಲಿ ಏನೋ ಒಂದು ಸಡಿಲವಾದ ಹಾಗೆ ಕೈಗೆ ತಿಳಿಯಿತು. ಆ ಕ್ಷಣಕ್ಕೇ ಗೊತ್ತಾಗಿತ್ತು, ಆದರೂ ಮುಂದುವರಿದೆ. ಎಣ್ಣೆ ತುಂಬಿ ಇಂಜಿನ್ ಹಚ್ಚಿದೆ. ಗೇರು ಹಾಕಿದೆ. ಗಾಡಿ ಅಲ್ಲಾಡಲಿಲ್ಲ. ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದೆ. ಅಷ್ಟರಲ್ಲಿ ಲವೋನ್ ಎರಡೂ ಕಿವಿಗೆ ಕೈ ಮುಚ್ಚಿಕೊಂಡು ಹುಲ್ಲಿನ ಮೇಲೆ ಓಡಿಬರುವುದು ಕಂಡಿತು. ಗಾಡಿಯ ಬಾಗಿಲು ಸೆಳೆದು ತೆರೆದು, ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು.

"ಕಿರುಚ್ತಿದೆಯಲ್ಲೋ ಅದು! ಅಷ್ಟು ಕಿರುಚ್ತಿದ್ರೂ ಸುಮ್ನೆ ಕೂತಿದೀಯಲ್ಲ, ಎಲ್ಡನ್!"

ಗಾಡಿಯಿಂದ ಇಳಿದು ಮತ್ತೆ ಜ್ಯಾಕು ಎಳೆದುಕೊಂಡೆ.

ಸಂಜೆಯೊಳಗೆ ಮತ್ತೆ ಇಳಿಸಿ ಬಿಚ್ಚಿದೆ. ಹೊಸ ಪಂಪಿನ ಒಳಗಿನ ಎರಡು ಹಲ್ಲು ಬುಡದಿಂದ ಮುರಿದಿದ್ದವು. ಡ್ವೇನನದು ಮುರಿದ ಜಾಗದಲ್ಲೇ.

ಅಕ್ಟೋಬರ್ ೨೦, ಸೋಮವಾರ

ನಾನು ಸುಳ್ಳು ಹೇಳಿದೆ. ಮಿಲೋಗೆ.

ದಾರಿಯುದ್ದಕ್ಕೂ ನಿಜ ಹೇಳಬೇಕೆಂದೇ ಇದ್ದೆ. ಅಂಗಡಿಯೊಳಗೆ ಹೋದರೆ ಕಾಫಿ ಪಟಾಲಮ್ಮಿನ ಇಬ್ಬರು ಬ್ಯಾಟರಿ ನೋಡುತ್ತ ನಿಂತಿದ್ದರು. ಪಂಪನ್ನು ಕೌಂಟರಿನ ಮೇಲಿಟ್ಟೆ. ನಾಲಿಗೆ ತಾನಾಗಿಯೇ ಹೊರಳಿತು. "ಪೆಟ್ಟಿಗೆಯಿಂದ್ಲೇ ಮುರ್ದು ಬಂದಿದೆ ಕಣೋ ಇದು," ಎಂದೆ.

ಮಿಲೋ ಪಂಪನ್ನು ದೀಪಕ್ಕೆ ಹಿಡಿದ. ಮುರಿದ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ. ಕನ್ನಡಕದ ಮೇಲಿನಿಂದ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಆ ಇಬ್ಬರಿಗೂ ಕೇಳುವ ಹಾಗೆ, "ಎರಕ ಸರಿ ಇಲ್ದಿದ್ರೆ ಹೀಗಾಗುತ್ತೆ ಒಂದೊಂದ್ ಸಲ. ಬೇರೆ ತರಿಸ್ಕೊಡ್ತೀನಿ ಬಿಡು," ಎಂದ.

ನಂಬಿದ. ಜೀವ ಬಂದ ಹಾಗಾಯಿತು. ಆದರೂ ಮನೆಗೆ ಬಂದು ಮಧ್ಯಾಹ್ನ ಊಟ ಮಾಡಲಿಲ್ಲ.

ಅಕ್ಟೋಬರ್ ೨೧, ಮಂಗಳವಾರ

ಕಾಫಿ ಕೋಣೆಯಲ್ಲಿ ಪಂಪಿನದೇ ಮಾತು. ಮಿಲೋ ಅಂಗಡಿ ತೆರೆಯಲು ಆಗಲೇ ಹೋಗಿದ್ದ. ಈಗಿನ ಸಾಮಾನಿನ ಹಣೆಬರಹವೇ ಇಷ್ಟು ಎಂದು ನಾನೂ ಸೇರಿಸಿ ಹೇಳಿದೆ. ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಮೇವು ಹಾಕುತ್ತಲೇ ಇರಬೇಕು. ದಾಳದ ಡಬ್ಬಿ ಸುತ್ತಿ ಬಂತು. ಸೋತವನು ಎಲ್ಲರ ಕಾಫಿಗೂ ಕೊಡಬೇಕು, ನಾನೇ ಸೋತೆ. ಕಿಪ್ ಪಕ್ಕದ ಮೇಜಿನಲ್ಲಿದ್ದ, ಕಪ್ಪು ಬಾಯಿಗೆ ಹಿಡಿದುಕೊಂಡೇ ನನ್ನನ್ನು ಏನೋ ಕೇಳಿದ. ದಾಳ ಬೇರೆ ಕುಲುಕುತ್ತಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಏನಾದರೂ ಕೇಳಿದರೆ ನಕ್ಕು ತಲೆ ಆಡಿಸಿದರೆ ಮಾತು ಮುಂದಕ್ಕೆ ಹೋಗುತ್ತದೆ. ಇದು ನನಗೆ ಈಚೆಗೆ ಗೊತ್ತಾದ ಉಪಾಯ.

ಅಕ್ಟೋಬರ್ ೨೬, ಭಾನುವಾರ

ಬದಲಿ ಪಂಪು ಬಂದಿದೆ. ಷೆಡ್ಡಿನ ಬೆಂಚಿನ ಮೇಲೆ ಕೂತಿದೆ. ಇನ್ನೂ ಕಾಗದ ಬಿಚ್ಚಿಲ್ಲ.

ಹೊಸ ಪಾದ್ರಿ ಇವತ್ತು ಏನು ಬೋಧಿಸಿದರೋ ಅವರಿಗೇ ಗೊತ್ತು. ಮೈಕಿನ ಮುಂದೆ ಪಿಸುಗುಟ್ಟುತ್ತಾರೆ. ಊಟಕ್ಕೆ ಲವೋನ್ ಮಾಂಸ, ಕಾಳು ಹಾಕಿದ ಖಾರದ ಚಿಲಿ ಸಾರು ಮಾಡಿ ಜೊತೆಗೆ ದಾಲ್ಚಿನ್ನಿ ಬನ್ನು ಇಟ್ಟಿದ್ದಳು. ಚಳಿ ಶುರುವಾದ ಮೊದಲ ಭಾನುವಾರ ನಮ್ಮಲ್ಲಿ ಇದೇ. ಪ್ರತಿ ವರ್ಷ ಎರಡು ಸಲ ಬಡಿಸಿಕೊಳ್ಳುತ್ತಿದ್ದೆ. ಈ ಸಲ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಅಕ್ಟೋಬರ್ ೩೧, ಶುಕ್ರವಾರ

ಅಂಗಡಿಗೆ ಎಣ್ಣೆ ತರಲು ಹೋದೆ. ಕೌಂಟರಿನ ಹಿಂದೆ ಮಿಲೋ ಇರಲಿಲ್ಲ. ಹ್ಯಾಲೋವೀನ್ ಹಬ್ಬದ ದಿನವೆಂದು ಕಿವಿಯಲ್ಲಿ ಕುಂಬಳಕಾಯಿ ಆಕಾರದ ಓಲೆ ಹಾಕಿಕೊಂಡ ಹುಡುಗಿ ಒಬ್ಬಳು ಕಂಪ್ಯೂಟರ್ ನೋಡುತ್ತಿದ್ದಳು. ಮಿಲೋ ಎಲ್ಲಿ ಎಂದು ಕಿಪ್‌ನನ್ನು ಕೇಳಿದೆ. ಅವನು ಏನೋ ಹೇಳುತ್ತ ಮುಖ ತಿರುಗಿಸಿಕೊಂಡ. ಆ ಹುಡುಗಿ ಜೋರಾಗಿ ಹೇಳಿದಳು: "ಮಿಲೋ ಅವ್ರು ಈಗ ಬರ್ತಿಲ್ಲ ಸಾರ್. ಯಾವ್ದೋ ಪಂಪಿನ ವಿಷ್ಯ. ಕಂಪನಿಯವ್ರು ಫೋಟೋ ಕಳಿಸಿ, ಇದು ಹಾಕೋರ ತಪ್ಪು, ಬದಲಿ ಪಂಪಿನ ದುಡ್ಡು ಕೊಡಕ್ಕಾಗಲ್ಲ ಅಂದ್ರಂತೆ. ನೋಡದೆ ಕೊಟ್ಟು, ನೋಡದೆ ವಾಪಸ್ ತಗೊಂಡ್ರು ಅಂತ..."

ಎಣ್ಣೆ ತೆಗೆದುಕೊಳ್ಳದೇ ಬಂದೆ.

ನವೆಂಬರ್ ೧, ಶನಿವಾರ

ಏನೂ ಮಾಡಲಿಲ್ಲ.

ನವೆಂಬರ್ ೫, ಬುಧವಾರ

ಮಿಲೋನ ಮನೆಗೆ ಹೋದೆ. ಅವನು ಅಂಗಳದಲ್ಲಿ ಉದ್ದ ಹಿಡಿಯ ಹಲ್ಲುಕುಂಟೆಯಿಂದ ಎಲೆ ಗುಡಿಸುತ್ತಿದ್ದ. ಕೆಲಸದ ಹೊತ್ತಿನಲ್ಲಿ ಅವನನ್ನು ಅಂಗಡಿಯ ಅಂಗಿಯಿಲ್ಲದೆ ನೋಡಿದ್ದೇ ಇಲ್ಲ. ಸಣ್ಣವನಾದ ಹಾಗೆ ಕಂಡ. ನನ್ನನ್ನು ನೋಡಿ ಕುಂಟೆ ನಿಲ್ಲಿಸಲಿಲ್ಲ. ನಾನು ಹೇಳಬೇಕೆಂದು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಮೂರನೆಯದು ಬಿದ್ದಿರಲಿಲ್ಲ, ಬೋಲ್ಟಿನಿಂದ ಎಳೆದೆ, ಮುರಿದದ್ದು ನಾನು.

ಮಿಲೋ ಹತ್ತಿರ ಬಂದು ಎದುರಿಗೆ ನಿಂತ. "ನಾನು ಕೌಂಟರಿನಲ್ಲಿ ಏನು ಆಲೂಗಡ್ಡೆ ಮಾರ್ತಿದ್ನೇನೋ? ಆ ಹಲ್ಲು ನೋಡಿದ ತಕ್ಷಣ ಗೊತ್ತಾಯ್ತು."

"ಮತ್ತೆ ಬದಲಿ ಯಾಕೆ ಕೊಟ್ಟೆ?"

"ನಿನ್ ಮುಖ ನೋಡಿ. ಆ ಇಬ್ರು ಅಲ್ಲಿ ನಿಂತಿದ್ರು. ನಿನ್ನ ಅವರ ಬಾಯಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ." ಕುಂಟೆಯ ಹಲ್ಲಿನಿಂದ ಎಲೆ ಬಿಡಿಸುತ್ತ ನಿಂತ. "ಅದು ನಾನೇ ತಲೆ ಮೇಲೆ ಹಾಕ್ಕೊಂಡಿದ್ದು, ಬಿಡು. ಆದ್ರೆ ಎಲ್ಡನ್, ಕಿಪ್ ಕಾಫಿ ಕೋಣೇಲಿ ಎಲ್ಲರ ಮುಂದೆ ಕೇಳಿದ್ನಂತಲ್ಲ, ಮಿಲೋ ಪೆಟ್ಟಿಗೆ ತೆರೆದೂ ನೋಡದೆ ಕೊಟ್ನಾ ಅಂತ. ನೀನು ಹೌದು ಅಂತ ತಲೆ ಆಡಿಸ್ದೆಯಂತೆ. ನಿನ್ ಕಣ್ಮುಂದೇನೇ ತೆರೆದು ನೋಡಿದ್ನಲ್ಲೋ. ಅದೊಂದು ಬೇಡವಾಗಿತ್ತು."

ಅವನು ಅದನ್ನು ಹೇಳುವಾಗ ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಎರಡು ಮಾತು ನನ್ನ ಬಾಯಲ್ಲಿದ್ದವು: ನನಗೆ ಕೇಳಿಸಲಿಲ್ಲ. ಅಷ್ಟೇ ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಕಿವಿ ಹೋದ ಮುದುಕ ಅನ್ನಿಸಿಕೊಳ್ಳುವುದಕ್ಕಿಂತ ಮಿಲೋನ ಕಣ್ಣಲ್ಲಿ ದ್ರೋಹಿ ಅನ್ನಿಸಿಕೊಂಡು ನಿಂತೆ. ಎಂಥ ಮನುಷ್ಯ ನಾನು!

ಹೊರಡುವಾಗ ಅವನು ಬೆನ್ನ ಹಿಂದೆ ಏನೋ ಅಂದ. ತಿರುಗಿ ನೋಡಲಿಲ್ಲ. ನೋಡಿದ್ದರೂ ತಿಳಿಯುತ್ತಿರಲಿಲ್ಲ.

ನವೆಂಬರ್ ೮, ಶನಿವಾರ

ರಾತ್ರಿಯಿಂದ ಹಿಮ. ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಹೆಂಗಸರು ಸಲಿಕೆ ಹಿಡಿದು ನಿಂತಿದ್ದರಂತೆ. ಲವೋನ್ ಹೋಗಿ ಬಂದಳು. ಒದ್ದೆ ಬೂಟನ್ನು ಒಲೆಯ ಹತ್ತಿರ ಇಟ್ಟಳು, ಅಷ್ಟೇ.

ಪಂಪು ಹಾಕಿ ಕನ್ವರ್ಟರ್ ಕೂರಿಸಲು ನೋಡಿದೆ. ಒಂದು. ಎರಡು. ಆಮೇಲೆ ತಿರುಗಿಸಿಯೇ ತಿರುಗಿಸಿದೆ. ಬಿದ್ದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹೊರಕ್ಕೆ ತೆಗೆದೆ, ಮತ್ತೆ ಹಾಕಿದೆ. ಸ್ಕೇಲು ಇಟ್ಟು ಆಳ ಅಳೆದರೆ ಅದು ವಾಲಿ ಒಂದೊಂದು ಸಲ ಒಂದೊಂದು ಅಳತೆ ಬರುತ್ತದೆ. ಕೊನೆಗೆ ನೆಲದ ಮೇಲೆ ಕೂತುಬಿಟ್ಟೆ. ಷೆಡ್ಡಿನ ದೀಪ ಆರಿ ಹತ್ತಿತು. ತಿರುಗಿದರೆ ಲವೋನ್. ಹತ್ತಿರ ಬಂದು, ನನ್ನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಮಾತಾಡಿದಳು. ಅವಳು ಬಹಳ ದಿನದಿಂದ ಹಾಗೆಯೇ ಮಾತಾಡುತ್ತಿದ್ದಾಳೆ ಎಂದು ಆಗ ಹೊಳೆಯಿತು.

"ಯಾರನ್ನಾದ್ರೂ ಕರಿ," ಎಂದಳು.

"ಯಾರನ್ನ?"

"ಯಾರನ್ನ ಅಂತ ನಿಂಗೆ ಗೊತ್ತು."

ನವೆಂಬರ್ ೧೦, ಸೋಮವಾರ

ಡ್ವೇನ್ ಪೆಟ್ಶ್ ತನ್ನ ಕಣಜದ ಬಾಗಿಲಿಗೆ ಕೀಲು ಹಾಕುತ್ತಿದ್ದ. ಇಷ್ಟು ವರ್ಷದಲ್ಲಿ ಅವನ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಟೋಪಿ ತೆಗೆದೆ. ಯಾಕೆ ತೆಗೆದೆನೋ ಗೊತ್ತಿಲ್ಲ, ಆ ಗಾಳಿಯಲ್ಲಿ ತಲೆ ಮರಗಟ್ಟಿತು.

"ನಾನೂ ಅದನ್ನೇ ಮಾಡ್ದೆ ಡ್ವೇನ್," ಎಂದೆ. "ಎರಡಕ್ಕೇ ನಿಲ್ಸಿ ಬೋಲ್ಟು ಬಿಗ್ದೆ."

ಅವನು ಸ್ಕ್ರೂ ತಿರುಗಿಸುವುದನ್ನು ಮುಗಿಸಿ ನನ್ನ ಕಡೆ ಪೂರ್ತಿ ತಿರುಗಿದ. "ಎಷ್ಟು ಬೋಲ್ಟು?"

"ಎಲ್ಲಾನೂ."

ನಗುತ್ತಾನೆ ಎಂದು ಕಾದೆ. ನಗಲಿಲ್ಲ.

"ನನ್ ಮಗಳ ಮದುವೆ ದಿನ ನೀನು ಮೈಕ್ ಹಿಡ್ಕೊಂಡು ಹೇಳ್ದೆ, ಎರಡ್ಕಟಕ್ಕಿನ ಅಳಿಯನಾಗ್ತಿದೀಯ, ಮೊದಲ್ನೇ ರಾತ್ರಿ ಎರಡಕ್ಕೇ ನಿಲ್ಲಿಸ್ಬೇಡಪ್ಪ ಅಂತ. ಇಡೀ ಹಾಲು ನಕ್ತು. ನಾನೂ ನಕ್ಕೆ. ಅವ್ಳು ಬಾತ್‌ರೂಮಿನಲ್ಲಿ ಕೂತು ಅತ್ಲು. ನಿಂಗೆ ಗೊತ್ತಾ?"

ಗೊತ್ತಿರಲಿಲ್ಲ. ಆ ಮದುವೆಯಿಂದ ನನಗೆ ನೆನಪಿದ್ದದ್ದು ನನ್ನ ಮಾತಿಗೆ ಬಿದ್ದ ಚಪ್ಪಾಳೆ ಒಂದೇ. ಅದನ್ನು ಎಷ್ಟೋ ಸಲ ನೆನೆದು ಖುಷಿಪಟ್ಟಿದ್ದೇನೆ. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ. ಏನು ಹೇಳಿದರೂ ಸಾಲದು ಅನ್ನಿಸಿತು, ಆದರೂ ತಪ್ಪಾಯಿತು ಎಂದೆ. ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ.

"ಗಾಡಿ ಎಲ್ಲಿದೆ?" ಎಂದ.

ಷೆಡ್ಡಿಗೆ ಬಂದು ಕೋಟು ಬಿಚ್ಚಿ ಮಂಡಿಯೂರಿದ. ನಾನು ಕಿವಿಯನ್ನು ಗೇರ್‌ಬಾಕ್ಸಿಗೆ ಒತ್ತಿ ಬಗ್ಗಿದೆ. ಅವನು ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದ. ನನ್ನ ಅಂಗೈಯನ್ನು ತೆಗೆದುಕೊಂಡು ಗೇರ್‌ಬಾಕ್ಸಿನ ಮೂತಿಯ ಮೇಲೆ ಇಟ್ಟ. ತುಟಿ ಕಾಣುವ ಹಾಗೆ ಹೇಳಿದ: "ಕಿವಿ ಬಿಡು. ಕೈ ಇಡು. ಆವತ್ತಿಂದ ನಾನೂ ಕಿವಿ ನಂಬಲ್ಲ."

ಅವನು ತಿರುಗಿಸಿದ. ಒಂದು. ಎರಡು. ತಿರುಗಿಸಿದ, ಒತ್ತಿದ, ಸ್ವಲ್ಪ ಹಿಂದಕ್ಕೆ ತಂದು ಮತ್ತೆ ಒತ್ತಿದ. ಅಂಗೈಯೊಳಗೆ ಏನೋ ಗಟ್ಟಿಯಾಗಿ ಕೂತಿತು. ಮೊಣಕೈವರೆಗೂ ಬಂತು.

"ಬಂತಾ?"

"ಬಂತು," ಎಂದೆ. ಮೂಗು ಸೋರುತ್ತಿತ್ತು. ಚಳಿ ಎಂದು ಒರೆಸಿಕೊಂಡೆ.

ಗೇರ್‌ಬಾಕ್ಸ್ ಎತ್ತಿದಾಗ ಇಂಜಿನ್ನಿಗೆ ತಾನಾಗಿಯೇ ಹೋಗಿ ಕೂತಿತು. ಬೋಲ್ಟುಗಳನ್ನು ಬರಿಗೈಯಲ್ಲೇ ತಿರುಗಿಸಿ ಒಳಗೆ ಕಳಿಸಿದೆವು.

ನವೆಂಬರ್ ೧೨, ಬುಧವಾರ

ಗಾಡಿ ಓಡುತ್ತಿದೆ. ಬೆಳಕು ಹರಿಯುತ್ತಲೇ ಹೋಗಿ ಚರ್ಚಿನ ಅಂಗಳ ತಳ್ಳಿದೆ, ಮಿಲೋನ ಮನೆಯ ಮುಂದೆಯೂ ತಳ್ಳಿದೆ. ಅವನ ಕಿಟಕಿಯ ಪರದೆ ಅಲ್ಲಾಡಿತು, ಯಾರೂ ಆಚೆ ಬರಲಿಲ್ಲ. ಹಿಮ ತಳ್ಳಿದರೆ ತೀರುವ ವಿಷಯವೇ ಅದು?

ಲವೋನ್ ಪಕ್ಕದಲ್ಲಿ ಕೂತು ಬಂದಿದ್ದಳು. "ಸದ್ದು ಹೇಗಿದೆ?" ಎಂದು ಅವಳನ್ನೇ ಕೇಳಿದೆ. ಅವಳು ನನ್ನ ತೊಡೆಯ ಮೇಲೆ ಕೈಯಿಟ್ಟು ಹೆಬ್ಬೆರಳು ಎತ್ತಿ ತೋರಿಸಿದಳು.

ನವೆಂಬರ್ ೧೫, ಶನಿವಾರ

ಇವತ್ತಿನದನ್ನು ಬರೆದುಬಿಡಬೇಕು.

ಕಾಫಿ ಕೋಣೆ ತುಂಬಿತ್ತು. ಮಿಲೋ ಮೂಲೆಯ ಕುರ್ಚಿಯಲ್ಲಿದ್ದ. ಕೌಂಟರು ಹೋದರೂ ಕಾಫಿ ಬಿಟ್ಟಿಲ್ಲ ಅವನು, ಆದರೆ ಎಲ್ಲಿ ಕೈ ಇಡಬೇಕೆಂದು ತಿಳಿಯದವನ ಹಾಗೆ ಕೂರುತ್ತಾನೆ. ಕಿಪ್ ಪಕ್ಕದ ಮೇಜಿನಲ್ಲಿ. ನನ್ನ ಹಿಂದೆಯೇ ಡ್ವೇನ್ ಬಾಗಿಲು ತೆರೆದುಕೊಂಡು ಬಂದ. ನಾನು ಕರೆದಿರಲಿಲ್ಲ, ಇವತ್ತು ಹೇಳುತ್ತೇನೆ ಎಂದಷ್ಟೇ ತಿಳಿಸಿದ್ದೆ. ಅವನನ್ನು ಅಲ್ಲಿ ಕಂಡು ದಾಳದ ಡಬ್ಬಿ ಹಿಡಿದವನ ಕೈ ಗಾಳಿಯಲ್ಲೇ ನಿಂತಿತು.

ಕೂರಲಿಲ್ಲ ನಾನು. ಕೂತರೆ ಹೇಳಲಾಗುವುದಿಲ್ಲವೆಂದು ಗೊತ್ತಿತ್ತು.

"ಪಂಪು ಮುರಿದದ್ದು ನಾನು," ಎಂದೆ. "ಮೂರನೇದು ಬೀಳೋ ಮೊದ್ಲೇ ಬೋಲ್ಟು ಬಿಗ್ದೆ. ಮಿಲೋ ಪೆಟ್ಟಿಗೆ ತೆರೆದು, ದೀಪಕ್ಕೆ ಹಿಡಿದು, ಹಲ್ಲು ಮುಟ್ಟಿ ನೋಡೇ ಕೊಟ್ಟಿದ್ದ. ಅವತ್ತು ಕಿಪ್ ಕೇಳಿದಾಗ ನಾನು ತಲೆ ಆಡಿಸಿದ್ದು ಸುಳ್ಳು. ಡ್ವೇನ್‌ಗೆ ಇಟ್ಟ ಹೆಸರು ಇವತ್ತಿಂದ ನಂದು. ಇನ್ನು ಅವನ ಮನೆಯವ್ರನ್ನ ಯಾರೂ ಹಾಗನ್ನಬಾರ್ದು."

ಅಷ್ಟೇ. ಹೇಳಿದ ಮೇಲೆ ಏನಾಯಿತೋ ನನಗೆ ಗೊತ್ತಾಗಲಿಲ್ಲ. ಬಾಯಿಗಳು ಆಡುತ್ತಿದ್ದವು. ಯಾರೋ ಕುರ್ಚಿ ಎಳೆದರು. ಕಿಪ್ ನನ್ನನ್ನೇ ನೋಡುತ್ತ ಏನೋ ಹೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು, ಅವತ್ತಿನ ಹಾಗೆಯೇ. ತಲೆ ಆಡಲು ಹೊರಟಿತ್ತು. ಕತ್ತನ್ನು ಹಿಡಿದು ನಿಲ್ಲಿಸಿದ ಹಾಗೆ ನಿಲ್ಲಿಸಿದೆ.

"ಕಿಪ್," ಎಂದೆ, "ನಂಗೆ ಕೇಳಿಸ್ತಿಲ್ಲ. ಅವತ್ತೂ ಕೇಳಿಸಿರ್ಲಿಲ್ಲ. ಬಹ್ಳ ದಿನದಿಂದ ಕೇಳಿಸ್ತಿಲ್ಲ."

ಪಂಪಿನ ವಿಷಯ ಹೇಳುವಾಗ ಇಷ್ಟು ಬೆವರಿರಲಿಲ್ಲ. ಕೋಟಿನೊಳಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಮೂಲೆಯಲ್ಲಿ ಮಿಲೋ ತಲೆ ಎತ್ತಿ ನನ್ನನ್ನು ನೋಡಿದ.

ಕಿಪ್ ಎದ್ದು ಹತ್ತಿರ ಬಂದು ಗಟ್ಟಿಯಾಗಿ ಹೇಳಿದ, "ಮಿಲೋ ಅವ್ರು ಸೋಮವಾರದಿಂದ ವಾಪಸ್ ಬರ್ಬೋದು ಅಂದೆ." ಅದಕ್ಕೆ ಮಿಲೋ ಕೂತಲ್ಲಿಂದಲೇ ಏನೋ ಉತ್ತರ ಕೊಟ್ಟ, ಕಿಪ್‌ನ ಮುಖ ಕೆಂಪಾಯಿತು. ನಾನು ಮಿಲೋನ ಕಡೆ ಕೈ ತೋರಿಸಿ, ಅದೂ ಕೇಳಿಸಲಿಲ್ಲ ಎಂದೆ. ಎರಡನೆಯ ಸಲ ಹೇಳುವುದು ಸ್ವಲ್ಪ ಸುಲಭ. ಮಿಲೋ ಎದ್ದು ಬಂದು ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದ.

"ನಾನು ಹೋಗಲ್ಲ ಅಂದೆ ಕಣೋ! ಇಷ್ಟು ವರ್ಷ ನಿಂತೋನನ್ನ ಒಂದ್ ಮಾತು ಕೇಳದೆ ಕಳಿಸ್ದ. ಆ ಕೌಂಟರು ಅವನೇ ಇಟ್ಕೊಳ್ಲಿ!"

ಅವನಿಗೆ ಕೌಂಟರನ್ನು ವಾಪಸು ಕೊಡಿಸಲು ಬಂದಿದ್ದೆ. ಕೊಡಿಸಲಾಗಲಿಲ್ಲ. ನನ್ನ ಒಂದು ತಲೆಯಾಟಕ್ಕೆ ಅದು ಹೋಯಿತು, ಇನ್ನು ಬರುವುದಿಲ್ಲ. ಹತ್ತಿರವಿದ್ದ ಕುರ್ಚಿ ಎಳೆದುಕೊಂಡು ಕೂತೆ. ಯಾರ ಮುಖವನ್ನೂ ನೋಡಲಾಗದೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದೆ.

ಎದುರಿಗೆ ಡ್ವೇನ್ ಬಂದು ಕೂತ. ಬೆರಳ ಗೆಣ್ಣು ಮಡಿಚಿ ಮೇಜಿನ ಹಲಗೆಗೆ ಬಡಿದ. ಅಂಗೈಗೆ ಬಂತು: ಒಂದು. ಮತ್ತೆ ಬಡಿದ: ಎರಡು. ಅಲ್ಲಿಗೆ ನಿಲ್ಲಿಸಿ, ಕೈ ಕಟ್ಟಿಕೊಂಡು, ನನ್ನನ್ನು ನೋಡುತ್ತ ಕೂತ. ಸುತ್ತ ಎಲ್ಲರ ಭುಜಗಳೂ ಕುಣಿಯುತ್ತಿದ್ದವು. ನಗುತ್ತಿದ್ದರು. ನಗಲಿ, ಅದು ನನಗೆ ಬರಬೇಕಾದದ್ದೇ. ಬರುವುದನ್ನು ಬಿಡುವ ಮೊದಲು ಡ್ವೇನ್ ಇಲ್ಲಿ ಹೇಗೆ ಕೂತಿರುತ್ತಿದ್ದನೋ ಹಾಗೆಯೇ ಕೂತಿದ್ದೆ.

ಆಗ ಮೇಜು ಇನ್ನೊಮ್ಮೆ ಅದುರಿತು. ಅಂಗೈಯಿಂದ ಮೊಣಕೈವರೆಗೂ ಬಂತು. ತಲೆ ಎತ್ತಿದೆ. ಡ್ವೇನ್ ಕೈ ಕಟ್ಟಿಕೊಂಡೇ ಇದ್ದ. ಮೂರನೆಯದನ್ನು ಬಡಿದವನು ಮಿಲೋ.